ಬಿ.ಪಿ. ಸರಿಯಾಗಿದೆ ಅನ್ನುವ ಮುನ್ನ



ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮೆಲ್ಲಗೆ ಇಳಿಸಿ, “126/78, ಏನೂ ತೊಂದ್ರೆ ಇಲ್ಲ” ಎಂದು ನರ್ಸಮ್ಮ ಹೇಳಿದರೆ ನಾವೆಲ್ಲ ಹಗುರಾಗಿ ಎದ್ದು ಬರುತ್ತೇವೆ. ಮೇಲಿನ ಅಂಕಿ 140 ಮುಟ್ಟಿಲ್ಲ, ಕೆಳಗಿನದು 90 ಮುಟ್ಟಿಲ್ಲ, ಮಾತ್ರೆಯ ಗೊಡವೆ ಇಲ್ಲ. ಬಹಳಷ್ಟು ಜನರ ಮಟ್ಟಿಗೆ ಆ ಸಮಾಧಾನ ಸರಿಯಾದದ್ದೇ. ಆದರೆ ಅದೇ 126/78 ಸಿಕಲ್ ಸೆಲ್ ಕಾಯಿಲೆ ಇರುವ ಇಪ್ಪತ್ತೈದರ ಹರೆಯದ ಹುಡುಗನ ತೋಳಿನಲ್ಲಿ ಸಿಕ್ಕರೆ, ಅವನನ್ನು ಹಾಗೇ ಮನೆಗೆ ಕಳಿಸಬಾರದು. ಮೊದಲು ಮೂತ್ರ ಪರೀಕ್ಷೆ ಮಾಡಿಸಬೇಕು. ಯಾಕೆ ಅನ್ನುವುದೇ ಇವತ್ತಿನ ಮಾತು.

ಸಿಕಲ್ ಸೆಲ್ ಅಂದರೆ ಕುಡುಗೋಲು ಕಣದ ಕಾಯಿಲೆ. ನಮ್ಮ ಕೆಂಪು ರಕ್ತಕಣಗಳ ಒಳಗೆ ತುಂಬಿಕೊಂಡಿರುವುದು ಹಿಮೋಗ್ಲೋಬಿನ್. ಅದನ್ನು ಕಟ್ಟುವ ಒಂದು ಮುಖ್ಯ ಜೀನ್ 11ನೇ ವರ್ಣತಂತುವಿನಲ್ಲಿದೆ. ಆ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ, ಅಷ್ಟೇ. ಪರಿಣಾಮವಾಗಿ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಬಂದು ಕೂರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಉದ್ದುದ್ದ ಎಳೆಗಳಾಗುತ್ತದೆ. ದುಂಡಗಿದ್ದ ಕಣ ಬಾಗಿ, ಬಿರುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೂಳೆಯೊಳಗಿಂದ ಬರುವ ಆ ಭಯಂಕರ ನೋವು, ಬಿಡದೆ ಕಾಡುವ ರಕ್ತಹೀನತೆ ಎಲ್ಲದರ ಮೂಲ ಇದು. ಆರೋಗ್ಯವಂತರ ಕೆಂಪುಕಣ 120 ದಿನ ಬಾಳಿದರೆ ಈ ಕಣಗಳು 10ರಿಂದ 20 ದಿನಕ್ಕೇ ಒಡೆದುಹೋಗುತ್ತವೆ.

1910ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ಎಂಬ ವೈದ್ಯರು ಗ್ರೆನೇಡಾ ದ್ವೀಪದಿಂದ ದಂತವೈದ್ಯಕೀಯ ಓದಲು ಬಂದಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಈ ಬಾಗಿದ ಕಣಗಳನ್ನು ಕಂಡು ಬರೆದರು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಇದು ಅಣುವಿನಲ್ಲೇ ಇರುವ ಕಾಯಿಲೆ ಎಂದು ತೋರಿಸಿದರು. ಅಂಥ ಮಾತನ್ನು ವೈದ್ಯಕೀಯ ಅದುವರೆಗೆ ಯಾವ ಕಾಯಿಲೆಯ ಬಗ್ಗೆಯೂ ಹೇಳಿರಲಿಲ್ಲ.

ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಈ ಜೀನಿನ ಎರಡು ಪ್ರತಿಗಳು ನಮಗೆ ಬರುತ್ತವೆ. ಎರಡೂ ಬದಲಾಗಿದ್ದರೆ ಕಾಯಿಲೆ. ಒಂದು ಮಾತ್ರ ಬದಲಾಗಿದ್ದರೆ ಅವರು ವಾಹಕರು. ಇವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ತಾವು ವಾಹಕರೆಂದು ಗೊತ್ತೇ ಇಲ್ಲದೆ ಮೊಮ್ಮಕ್ಕಳನ್ನು ಕಂಡವರಿದ್ದಾರೆ. ಈ ವ್ಯತ್ಯಾಸವನ್ನು ನೆನಪಿಡಿ, ರಕ್ತದೊತ್ತಡದ ವಿಷಯದಲ್ಲಿ ಕಾಯಿಲೆಯವರ ಕತೆ ಬೇರೆ, ವಾಹಕರ ಕತೆ ಬೇರೆ.

ಮೊದಲು ಕಾಯಿಲೆಯವರದು. ಇಷ್ಟು ರಕ್ತನಾಳಗಳು ಕಟ್ಟಿಕೊಳ್ಳುವ ಕಾಯಿಲೆಯಲ್ಲಿ ಬಿ.ಪಿ. ಏರಿಯೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಳತೆ ಅದಕ್ಕೆ ತದ್ವಿರುದ್ಧ. ಅಮೆರಿಕದಲ್ಲಿ ಸಿಕಲ್ ಸೆಲ್ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನದ ಲೆಕ್ಕಾಚಾರ 1997ರಲ್ಲಿ ಪ್ರಕಟವಾಯಿತು. ಮೂರು ಸಾವಿರಕ್ಕೂ ಹೆಚ್ಚು ಜನರ ರಕ್ತದೊತ್ತಡ ಅದರಲ್ಲಿತ್ತು. ಅದೇ ವಯಸ್ಸಿನ, ಅದೇ ಜನಾಂಗದ ಬೇರೆಯವರಿಗಿಂತ ಈ ರೋಗಿಗಳ ಬಿ.ಪಿ. ಕಡಿಮೆ ಎಂದು ಸ್ಪಷ್ಟವಾಯಿತು. ವಯಸ್ಸಿಗೆ ಬಂದವರಲ್ಲೂ ಮೇಲಿನ ಅಂಕಿ 110ರ ಆಸುಪಾಸಿನಲ್ಲಿರುವುದು ಇವರಲ್ಲಿ ಅಪರೂಪವಲ್ಲ.

ಯಾಕೆ ಕಡಿಮೆ? ಒಂದು ಕಾರಣ ರಕ್ತಹೀನತೆ. ಇವರ ಹಿಮೋಗ್ಲೋಬಿನ್ ಬಹಳ ಸಲ 6ರಿಂದ 9 ಗ್ರಾಂ. ಕಣ ಕಡಿಮೆಯಾದರೆ ರಕ್ತ ತೆಳು. ರಾಗಿ ಅಂಬಲಿಗಿಂತ ತಿಳಿಸಾರು ಸಲೀಸಾಗಿ ಹರಿಯುವ ಹಾಗೆ ತೆಳು ರಕ್ತಕ್ಕೆ ನಾಳದಲ್ಲಿ ತಡೆ ಕಡಿಮೆ. ಜೊತೆಗೆ, ಮೈಗೆ ಆಮ್ಲಜನಕ ಸಾಲದೆಂದು ನಾಳಗಳೂ ಹಿಗ್ಗಿಕೊಳ್ಳುತ್ತವೆ. ಹೃದಯ ಮಾತ್ರ ಹಗಲು ರಾತ್ರಿ ಹೆಚ್ಚು ದುಡಿಯುತ್ತಿರುತ್ತದೆ, ಅದರ ದುಡಿಮೆ ಬಿ.ಪಿ. ಯಂತ್ರದಲ್ಲಿ ಕಾಣುವುದಿಲ್ಲ.

ಎರಡನೇ ಕಾರಣ ಮೂತ್ರಪಿಂಡ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೂತ್ರಪಿಂಡದ ಒಳಪದರ ಒಂದು ವಿಚಿತ್ರ ಜಾಗ. ಅಲ್ಲಿ ಆಮ್ಲಜನಕ ಕಡಿಮೆ, ಉಪ್ಪಿನಂಶ ವಿಪರೀತ, ಆಮ್ಲೀಯತೆಯೂ ಹೆಚ್ಚು. ಉಪ್ಪು ಕಣದೊಳಗಿನ ನೀರನ್ನು ಎಳೆದುಬಿಡುತ್ತದೆ, ಕಣದೊಳಗೆ ಹಿಮೋಗ್ಲೋಬಿನ್ ದಟ್ಟವಾಗುತ್ತದೆ. ಕಣ ಬಾಗುವುದಕ್ಕೆ ಏನೇನು ಬೇಕೋ ಎಲ್ಲವೂ ಆ ಒಂದೇ ಜಾಗದಲ್ಲಿ ಸೇರಿಕೊಂಡಿವೆ. ಹಾಗಾಗಿ ಸಣ್ಣ ವಯಸ್ಸಿನಿಂದಲೇ ಅಲ್ಲಿಯ ಎಳೆ ನಾಳಗಳು ಒಂದೊಂದಾಗಿ ಹಾಳಾಗುತ್ತಾ ಹೋಗುತ್ತವೆ. ಮೂತ್ರವನ್ನು ಗಟ್ಟಿ ಮಾಡಿ, ನೀರನ್ನೂ ಉಪ್ಪನ್ನೂ ಮೈಗೆ ಉಳಿಸಿಕೊಡುವ ಕೆಲಸ ಆ ಭಾಗದ್ದು. ಅದು ಸೋತರೆ ನೀರು, ಉಪ್ಪು ಎರಡೂ ಹರಿದು ಹೋಗುತ್ತವೆ. ಉಪ್ಪು ಹೋದರೆ ಬಿ.ಪಿ. ತಾನಾಗಿಯೇ ತಗ್ಗುತ್ತದೆ. ಬಿ.ಪಿ. ರೋಗಿಗಳಿಗೆ ನಾವು ಮಾತ್ರೆ ಕೊಟ್ಟು ಮಾಡಿಸುವ ಕೆಲಸವನ್ನು ಇವರಲ್ಲಿ ಕಾಯಿಲೆಯೇ ಮಾಡಿಬಿಟ್ಟಿರುತ್ತದೆ.

ತಾಯಂದಿರಿಗೆ ಇಲ್ಲೊಂದು ಮಾತು. ಸಿಕಲ್ ಸೆಲ್ ಇರುವ ಮಗು ಎಂಟು ಹತ್ತು ವರ್ಷವಾದರೂ ಹಾಸಿಗೆ ಒದ್ದೆ ಮಾಡುತ್ತಿದ್ದರೆ ಬಯ್ಯಬೇಡಿ. ಅದು ಸೋಮಾರಿತನ ಅಲ್ಲ, ಮೂತ್ರಪಿಂಡಕ್ಕೆ ನೀರು ಹಿಡಿದಿಡಲು ಆಗುತ್ತಿಲ್ಲ. ಒದ್ದೆ ಆಗುತ್ತದೆಂದು ಸಂಜೆಯಿಂದಲೇ ನೀರು ಬಿಡಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ನೀರು ಕಡಿಮೆಯಾದರೆ ನೋವು ಶುರುವಾಗುತ್ತದೆ.

ಸರಿ, ಬಿ.ಪಿ. ಕಡಿಮೆ ಇದ್ದರೆ ಒಳ್ಳೆಯದೇ ಅಲ್ಲವೇ ಎನ್ನಬಹುದು. ಅದೇ 1997ರ ಅಧ್ಯಯನ ಇನ್ನೊಂದು ಸಂಗತಿಯನ್ನೂ ಹೇಳಿತು. ಈ ರೋಗಿಗಳಲ್ಲಿ ಬಿ.ಪಿ. ಸ್ವಲ್ಪ ಮೇಲೇರಿದವರಿಗೆ, ಅಂದರೆ ಉಳಿದವರ ಅಳತೆಗೋಲಿನಲ್ಲಿ ಇನ್ನೂ ನಾರ್ಮಲ್ ಎನ್ನಿಸುವವರಿಗೆ, ಪಾರ್ಶ್ವವಾಯು ಮತ್ತು ಸಾವಿನ ಸಂಭವ ಹೆಚ್ಚು. 2008ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಮೇಲಿನ ಅಂಕಿ 120ರಿಂದ 139, ಅಥವಾ ಕೆಳಗಿನದು 70ರಿಂದ 89 ಇರುವವರನ್ನು ಬೇರೆ ಮಾಡಿ ನೋಡಿತು. ಅವರಲ್ಲಿ ಮೂತ್ರಪಿಂಡದ ತೊಂದರೆಯೂ ಶ್ವಾಸಕೋಶದ ರಕ್ತನಾಳಗಳ ಒತ್ತಡವೂ ಹೆಚ್ಚು ಕಂಡವು. ಇವರಿಗೆ ನಾರ್ಮಲ್ ಅನ್ನುವ ಹಣೆಪಟ್ಟಿ ಕೊಟ್ಟರೆ ಆಗುವ ಅನ್ಯಾಯ ಇದು: 105 ಇದ್ದ ಹುಡುಗ 126ಕ್ಕೆ ಏರಿದ್ದಾನೆ, ಆದರೆ ಹಿಂದಿನ 105 ಯಾರೂ ಬರೆದಿಟ್ಟಿಲ್ಲ. ಹಾಗಾಗಿ ಏರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಏರುವುದಕ್ಕೆ ಬಹುಪಾಲು ಕಾರಣವೂ ಅದೇ ಮೂತ್ರಪಿಂಡ. ಎಳವೆಯಲ್ಲಿ ಅದರ ಜರಡಿಗಳು ಅತಿಯಾಗಿ ಸೋಸುತ್ತವೆ. ಆಮೇಲೆ ದಣಿದು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರತೊಡಗುತ್ತದೆ. ಕೊನೆಗೆ ಸೋಸುವ ಶಕ್ತಿಯೇ ಕುಂದುತ್ತದೆ. ಈ ಕಡೆಯ ಹಂತದ ಹೊಸ್ತಿಲಲ್ಲಿ ಬಿ.ಪಿ. ಏರುತ್ತದೆ. ಅದಕ್ಕೇ ಮೂತ್ರ ಪರೀಕ್ಷೆ ಎಂದೆ. ಆಲ್ಬುಮಿನ್ ಸೋರುವ ಹಂತದಲ್ಲಿ ಸಿಕ್ಕರೆ ಮೂತ್ರಪಿಂಡ ಉಳಿಸುವ ಮಾತ್ರೆಗಳಿವೆ, ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಗುವಂಥವೇ. ಅಮೆರಿಕದ ರಕ್ತಶಾಸ್ತ್ರ ಸೊಸೈಟಿಯ 2019ರ ಮಾರ್ಗಸೂಚಿ ಸಿಕಲ್ ಸೆಲ್ ಇರುವ ವಯಸ್ಕರಿಗೆ 130/80 ದಾಟಿದರೆ ಚಿಕಿತ್ಸೆ ಎಂದು ಹೇಳುತ್ತದೆ. ಆದರೆ ಔಷಧಿಯ ಆಯ್ಕೆ ಹುಷಾರಾಗಿ ಆಗಬೇಕು. ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆ ಬಿ.ಪಿ.ಗೆ ಅಗ್ಗದ, ಒಳ್ಳೆಯ ಔಷಧಿ ನಿಜ, ಆದರೆ ಮೊದಲೇ ನೀರು ಕಳೆದುಕೊಳ್ಳುತ್ತಿರುವ ಇವರ ಮೈಯನ್ನು ಅದು ಇನ್ನೂ ಒಣಗಿಸಿ ನೋವನ್ನು ಕರೆದು ತರಬಹುದು. ಪಕ್ಕದ ಮನೆಯವರ ಬಿ.ಪಿ. ಮಾತ್ರೆಯನ್ನು ಎರವಲು ನುಂಗುವ ಅಭ್ಯಾಸ ಎಲ್ಲರಿಗೂ ಕೆಟ್ಟದ್ದು, ಇವರಿಗಂತೂ ಅಪಾಯ.

ರಕ್ತ ಕೊಡುವಾಗಲೂ ಈ ಎಚ್ಚರ ಬೇಕು. 6 ಗ್ರಾಂ ಇದ್ದ ಹಿಮೋಗ್ಲೋಬಿನ್ನನ್ನು ಒಂದೇ ಸಲಕ್ಕೆ 11, 12ಕ್ಕೆ ಏರಿಸಿದರೆ ತೆಳುವಾಗಿದ್ದ ರಕ್ತ ದಿಢೀರನೆ ದಪ್ಪವಾಗುತ್ತದೆ. ಬಿ.ಪಿ. ಜಿಗಿದು, ತಲೆನೋವು ಬಂದು, ಫಿಟ್ಸ್ ಕೂಡ ಬರಬಹುದು. “ಜಾಸ್ತಿ ರಕ್ತ ಹಾಕ್ಸಿ ಡಾಕ್ಟ್ರೇ, ದುಡ್ಡು ಕೊಡ್ತೀವಿ” ಎಂದು ಮನೆಯವರು ಪಟ್ಟು ಹಿಡಿಯುವುದುಂಟು. ಈ ಕಾಯಿಲೆಯಲ್ಲಿ ಜಾಸ್ತಿ ರಕ್ತ ಅಂದರೆ ಜಾಸ್ತಿ ಒಳ್ಳೆಯದು ಅಲ್ಲ.

ತೋಳಿನ ಪಟ್ಟಿಗೆ ಸಿಗದ ಇನ್ನೊಂದು ಒತ್ತಡವೂ ಇದೆ, ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ್ದು. ಕಣಗಳು ಒಡೆದಾಗ ಒಳಗಿನ ಹಿಮೋಗ್ಲೋಬಿನ್ ರಕ್ತದ್ರವಕ್ಕೆ ಚೆಲ್ಲುತ್ತದೆ. ರಕ್ತನಾಳಗಳನ್ನು ಸಡಿಲವಾಗಿ ಇಡಲು ನಮ್ಮ ಮೈ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತದೆ. ಅದರ ಈ ಕೆಲಸವನ್ನು ಕಂಡುಹಿಡಿದದ್ದಕ್ಕೆ 1998ರ ವೈದ್ಯಕೀಯ ನೊಬೆಲ್ ಬಂದದ್ದು ಕೆಲವರಿಗೆ ನೆನಪಿರಬಹುದು. ಚೆಲ್ಲಿದ ಹಿಮೋಗ್ಲೋಬಿನ್ ಈ ಅನಿಲವನ್ನು ನುಂಗಿಹಾಕುತ್ತದೆ, ನಾಳಗಳು ಬಿಗಿಯುತ್ತವೆ. ಮೈಯ ಬಿ.ಪಿ. ಕೆಳಗಿದ್ದೂ ಶ್ವಾಸಕೋಶದ ಒತ್ತಡ ಮೇಲೇರುವುದು ಹೀಗೆ. 2004ರಲ್ಲಿ ಅಮೆರಿಕದ ಸಂಶೋಧಕರು ಎಕೋ ಪರೀಕ್ಷೆಯಲ್ಲಿ ವಯಸ್ಕ ರೋಗಿಗಳ ಮೂರನೇ ಒಂದು ಭಾಗದಲ್ಲಿ ಇದರ ಸುಳಿವು ಕಂಡರು, ದೊಡ್ಡ ಗಾಬರಿಯಾಯಿತು. 2011ರಲ್ಲಿ ಫ್ರಾನ್ಸಿನವರು ಹೃದಯದೊಳಕ್ಕೆ ನಳಿಕೆ ಇಳಿಸಿ ನೇರವಾಗಿ ಅಳೆದಾಗ ಖಚಿತವಾಗಿ ಸಿಕ್ಕಿದ್ದು ಶೇಕಡ 6 ಮಂದಿಯಲ್ಲಿ. ಎಕೋ ಅನುಮಾನ ಹುಟ್ಟಿಸುತ್ತದೆ, ತೀರ್ಪು ಕೊಡುವುದಿಲ್ಲ. ಹಾಗೆಂದು ಆ ಅನುಮಾನವನ್ನು ಬದಿಗೊತ್ತುವಂತಿಲ್ಲ. ಮೆಟ್ಟಿಲು ಹತ್ತಿದರೆ ಮೊದಲಿಗಿಂತ ಹೆಚ್ಚು ಏದುಸಿರು ಬರುತ್ತಿದ್ದರೆ ರಕ್ತ ಕಡಿಮೆಯಿದೆ ಎಂದಷ್ಟೇ ಹೇಳಿ ಸುಮ್ಮನಾಗಬಾರದು.

ಇನ್ನು ವಾಹಕರ ಕತೆ. ಇದು ನನಗೆ ತೀರಾ ಇಷ್ಟವಾದ ಭಾಗ.

ಒಂದೇ ಪ್ರತಿ ಬದಲಾಗಿರುವವರಲ್ಲಿ ರಕ್ತಹೀನತೆ ಇಲ್ಲ, ರಕ್ತ ತೆಳುವಲ್ಲ. ಬಿ.ಪಿ. ಇತರರ ಹಾಗೆಯೇ. ಆದರೆ ಕೀನ್ಯಾ ದೇಶದಿಂದ 2019ರಲ್ಲಿ ಬಂದ ವರದಿಯೊಂದು ಈ ನೇರವಾದ ಉತ್ತರಕ್ಕೆ ಒಂದು ಸೊಗಸಾದ ತಿರುವು ಕೊಟ್ಟಿತು. ಅದು ತಿಳಿಯಲು ಮೊದಲು ಸ್ವಲ್ಪ ಹಿನ್ನೆಲೆ. ಸಿಕಲ್ ಜೀನ್ ಯಾಕೆ ಇಷ್ಟು ಹರಡಿತು ಎಂಬುದಕ್ಕೆ 1954ರಲ್ಲೇ ಆಂಟನಿ ಆಲಿಸನ್ ಎಂಬ ವಿಜ್ಞಾನಿ ಕಾರಣ ಕೊಟ್ಟಿದ್ದರು: ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಮಾರಕ ಮಲೇರಿಯಾ ಇವರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕಡಿಮೆ. ಮಲೇರಿಯಾ ಇರುವ ನಾಡಿನಲ್ಲಿ ವಾಹಕ ಮಕ್ಕಳು ಹೆಚ್ಚು ಬದುಕಿದರು, ಜೀನ್ ಉಳಿಯಿತು. ಅದರ ಬೆಲೆಯನ್ನು ಎರಡು ಪ್ರತಿ ಪಡೆದ ಮಕ್ಕಳು ತೆತ್ತರು.

ಕೀನ್ಯಾದವರು ಕೇಳಿದ ಪ್ರಶ್ನೆ ಇದು. ಬಾಲ್ಯದಲ್ಲಿ ಮತ್ತೆ ಮತ್ತೆ ಮಲೇರಿಯಾ ಬಂದವರಿಗೆ ದೊಡ್ಡವರಾದ ಮೇಲೆ ಬಿ.ಪಿ. ಹೆಚ್ಚಾಗುತ್ತದೆಯೇ? ಇದನ್ನು ನೇರವಾಗಿ ಪರೀಕ್ಷಿಸಲು ಆಗುವುದಿಲ್ಲ. ಮಲೇರಿಯಾ ಬಂದವರು ಬಡವರೂ ಹೌದು, ಊಟ ಸಾಲದವರೂ ಹೌದು. ಯಾವುದರಿಂದ ಏನಾಯಿತೆಂದು ಬಿಡಿಸುವುದು ಕಷ್ಟ. ಆದರೆ ಸಿಕಲ್ ಜೀನ್ ಬಡತನ ನೋಡಿ ಬರುವುದಿಲ್ಲ. ವಾಹಕರಾದ ತಂದೆಯ ಇಬ್ಬರು ಮಕ್ಕಳಲ್ಲಿ ಯಾರಿಗೆ ಆ ಪ್ರತಿ ಸಿಗುತ್ತದೆನ್ನುವುದು ಕೇವಲ ಅದೃಷ್ಟ. ಮನುಷ್ಯರು ಮಾಡಲಾಗದ ಪ್ರಯೋಗವನ್ನು ಪ್ರಕೃತಿ ಹುಟ್ಟಿನಲ್ಲೇ ಮಾಡಿಟ್ಟಿರುತ್ತದೆ. ಹಿಂದೂ ಮಹಾಸಾಗರದ ದಡದ ಕಿಲಿಫಿಯಲ್ಲಿ ಮಲೇರಿಯಾ ಇದೆ. ಎತ್ತರದ ನೈರೋಬಿಯಲ್ಲೂ ಅಮೆರಿಕದ ಜ್ಯಾಕ್ಸನ್ ಊರಿನಲ್ಲೂ ಇಲ್ಲ. ಮೂರೂ ಕಡೆಯ ಜನರ ತೋಳಿಗೆ 24 ಗಂಟೆ ಬಿ.ಪಿ. ಅಳೆಯುವ ಯಂತ್ರ ಕಟ್ಟಿ ನೋಡಿದರು. ಕಿಲಿಫಿಯಲ್ಲಿ 1,127 ಮಂದಿ. ಅಲ್ಲಿ ವಾಹಕರ ಮೇಲಿನ ಅಂಕಿ ಉಳಿದವರಿಗಿಂತ ಸರಾಸರಿ 2.4ರಷ್ಟು ಕಡಿಮೆ. ನೈರೋಬಿಯಲ್ಲಿ, ಜ್ಯಾಕ್ಸನ್ನಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಅಂದರೆ ಜೀನ್ ತಾನೇ ಬಿ.ಪಿ. ಇಳಿಸಲಿಲ್ಲ. ಮಲೇರಿಯಾವನ್ನು ತಡೆದು, ಮಲೇರಿಯಾ ಏರಿಸಬಹುದಾಗಿದ್ದ ಬಿ.ಪಿ.ಯನ್ನು ತಡೆಯಿತು. 2.4 ಅಂದರೆ ಸಣ್ಣ ಸಂಖ್ಯೆ, ಒಬ್ಬ ಮನುಷ್ಯನಿಗೆ ಗೊತ್ತೂ ಆಗುವುದಿಲ್ಲ. ಒಂದು ಇಡೀ ನಾಡಿನ ಸರಾಸರಿ ಅಷ್ಟು ಇಳಿದರೆ ಪಾರ್ಶ್ವವಾಯುವಿನ ಲೆಕ್ಕ ಬದಲಾಗುತ್ತದೆ. ಬಿ.ಪಿ. ಅಂದರೆ ಉಪ್ಪು, ಬೊಜ್ಜು, ಟೆನ್ಷನ್ ಎಂದು ಬಾಯಿಪಾಠ ಮಾಡಿದ ನಮಗೆ, ಸೊಳ್ಳೆಯೂ ಆ ಪಟ್ಟಿಯಲ್ಲಿರಬಹುದು ಎಂದು ಒಂದು ಜೀನ್ ಹೇಳಿಕೊಟ್ಟಿದೆ.

ವಾಹಕರು ಪೂರ್ತಿ ನಿಶ್ಚಿಂತರು ಎಂದೂ ಹೇಳಲಾರೆ. 2014ರಲ್ಲಿ ಸುಮಾರು 16 ಸಾವಿರ ಆಫ್ರಿಕನ್ ಅಮೆರಿಕನ್ನರ ದಾಖಲೆಗಳನ್ನು ಒಟ್ಟು ಮಾಡಿ ನೋಡಿದಾಗ ವಾಹಕರಲ್ಲಿ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಹೆಚ್ಚಾಗಿ ಕಂಡಿತು. ಮೂತ್ರಪಿಂಡದ ಆ ಒಳಪದರ ಅರ್ಧ ಸಿಕಲ್ ಹಿಮೋಗ್ಲೋಬಿನ್ ಇರುವ ಕಣವನ್ನೂ ಬಗ್ಗಿಸಬಲ್ಲದು. ವಾಹಕರಿಗೆ ಬಿ.ಪಿ. ಬಂದರೆ ಚಿಕಿತ್ಸೆ ಎಲ್ಲರಂತೆಯೇ, ಆದರೆ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ನೋಡಿಸುವುದು ಜಾಣತನ.

ಆಫ್ರಿಕ, ಅಮೆರಿಕ ಎಂದು ಹೇಳುತ್ತಾ ಹೋದೆ. ಇದು ನಮ್ಮ ಬೆಟ್ಟಗಳ ಕತೆಯೂ ಹೌದು. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನಮ್ಮ ಗಡಿಯಾಚೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಜೀನನ್ನು ಕಂಡು ವರದಿ ಮಾಡಿದರು. ನೀಲಗಿರಿ, ವಯನಾಡು, ಹೆಗ್ಗಡದೇವನಕೋಟೆ, ಬಿಳಿಗಿರಿರಂಗನ ಬೆಟ್ಟ ಒಂದೇ ಕಾಡಿನ ಕೊಂಡಿಗಳು, ಒಂದು ಕಾಲಕ್ಕೆ ಮಲೇರಿಯಾದ ನೆಲೆಗಳೂ ಆಗಿದ್ದವು. ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು, ಯರವರು ಇರುವ ಹಾಡಿ, ಪೋಡುಗಳಲ್ಲಿ ಈ ಜೀನ್ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ಕಾಯಿಲೆಯ ಮೇಲೆ ಕೆಲಸ ಮಾಡಿದೆ. ನೀಲಗಿರಿಯ ಗೂಡಲೂರಿನಲ್ಲಿ ಆದಿವಾಸಿಗಳೇ ನಡೆಸುವ ಆಸ್ಪತ್ರೆಯೂ ಅದೇ ಕೆಲಸ ಮಾಡುತ್ತಿದೆ.

ನಮ್ಮಲ್ಲಿ ಕಾಣುವುದು ಅರಬ್-ಭಾರತೀಯ ಬಗೆಯ ಸಿಕಲ್. ಇದರ ಜೊತೆ ಹುಟ್ಟುವ ಮುನ್ನಿನ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಹೆಚ್ಚು ಉಳಿದುಕೊಳ್ಳುತ್ತದೆ, ಅದು ಕಣ ಬಾಗದಂತೆ ತಡೆಯುತ್ತದೆ. ಆದಿವಾಸಿಗಳಲ್ಲಿ ಸಾಮಾನ್ಯವಾಗಿರುವ ಆಲ್ಫಾ ಥಲಸೀಮಿಯಾ ಜೀನ್ ಕೂಡ ಕಣ ಒಡೆಯುವುದನ್ನು ಕಡಿಮೆ ಮಾಡಿ ಮೂತ್ರಪಿಂಡಕ್ಕೆ ತುಸು ಆಸರೆಯಾಗುತ್ತದೆ. ಇದನ್ನೇ ಹಿಡಿದು “ನಮ್ಮ ಕಡೆ ಸಿಕಲ್ ಸೌಮ್ಯ” ಎನ್ನುವ ಮಾತು ವೈದ್ಯರ ನಡುವೆಯೂ ಓಡಾಡುತ್ತದೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಸರಾಸರಿ ಸೌಮ್ಯವಾದರೆ ಎದುರಿಗೆ ಕೂತಿರುವ ಹುಡುಗಿಗೂ ಸೌಮ್ಯ ಎಂದಾಗುವುದಿಲ್ಲ. ಬಸುರಿಯಾದಾಗಂತೂ ಈ ಕಾಯಿಲೆಯ ಹೆಣ್ಣುಮಕ್ಕಳಿಗೆ ಬಿ.ಪಿ. ಏರಿ ನಂಜು ಬರುವ ಸಂಭವ ಹೆಚ್ಚು. ಅವರ ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. 17 ರಾಜ್ಯಗಳಲ್ಲಿ ನಮ್ಮದೂ ಒಂದು, 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆಯ ಗುರಿ ಇಟ್ಟುಕೊಳ್ಳಲಾಗಿತ್ತು. ಪರೀಕ್ಷೆಯಾದವರಿಗೆ ಕಾರ್ಡ್ ಕೊಡುತ್ತಾರೆ. ಮದುವೆಗೆ ಮುಂಚೆ ಇಬ್ಬರ ಕಾರ್ಡನ್ನೂ ಜೋಡಿಸಿ ನೋಡಿ ಎನ್ನುವುದು ಅದರ ಉದ್ದೇಶ. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕಕ್ಕೆ ಒಂದು. ಒಳ್ಳೆಯ ಕೆಲಸ. ಆದರೆ ಕಾರ್ಡಿನಲ್ಲಿ ಜೀನ್ ಬರೆದರೆ ಸಾಲದು ಎಂದು ನನ್ನ ಅಭಿಪ್ರಾಯ. ಕಾಯಿಲೆ ಇದೆಯೆಂದು ಗೊತ್ತಾದವರ ಬಿ.ಪಿ.ಯನ್ನೂ ಅದರ ಹಿಂದೆಯೇ ಬರೆಯತೊಡಗಬೇಕು.

ಆಶಾ ಅಕ್ಕಂದಿರೇ, ಉಪಕೇಂದ್ರದ ನರ್ಸಮ್ಮಂದಿರೇ, ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಹಾಡಿಯಲ್ಲಿ ಸಿಕಲ್ ಸೆಲ್ ಕಾಯಿಲೆ ಇರುವ ಪ್ರತಿಯೊಬ್ಬರಿಗೂ, ಮಕ್ಕಳಿಗೂ ಸೇರಿಸಿ, ನೋವಿಲ್ಲದ ದಿನ ನೋಡಿ ಬಿ.ಪಿ. ಅಳೆಯಿರಿ. ನೋವಿನಲ್ಲಿದ್ದಾಗ ಅಳೆದರೆ ಅಂಕಿ ಸುಳ್ಳಾಗಿ ಮೇಲೇರಿರುತ್ತದೆ. ಅಳೆದದ್ದನ್ನು ದಿನಾಂಕದ ಜೊತೆ ಅವರ ಕಾರ್ಡಿನ ಹಿಂಬದಿಗೋ ಒಂದು ನೋಟ್‌ಬುಕ್ಕಿಗೋ ಬರೆದುಕೊಡಿ. ಮುಂದಿನ ಸಲ ಅದಕ್ಕಿಂತ 15, 20 ಹೆಚ್ಚು ಬಂದರೆ, 130 ಮುಟ್ಟದಿದ್ದರೂ ಸರಿ, ಅವರನ್ನು ಡಾಕ್ಟರ ಹತ್ತಿರ ಕಳಿಸಿ, ಮೂತ್ರದ ಆಲ್ಬುಮಿನ್ ನೋಡಿ ಎಂದು ಚೀಟಿಯಲ್ಲಿ ಬರೆದು ಕಳಿಸಿ. ಕಾಯಿಲೆ ಇರುವ ನಮ್ಮ ತಮ್ಮ ತಂಗಿಯರೇ, ಯಾರಾದರೂ ನಿಮಗೆ “ಬಿ.ಪಿ. ನಾರ್ಮಲ್” ಎಂದರೆ ಸಂಕೋಚ ಬೇಡ, ಆ ಪುಸ್ತಕ ಮುಂದಿಟ್ಟು ಹೋದ ವರ್ಷ ನನ್ನದು ಎಷ್ಟಿತ್ತು ನೋಡಿ ಎಂದು ಕೇಳಿ.